ಟ್ರಂಕಿನ ನೆಗೆಟಿವ್‌ಗಳಿಗೆ ಫ್ಲಾಟ್‌ಬೆಡ್ಡೋ ಡ್ರಮ್ಮೋ?

ಬದಿಯಡ್ಕದಿಂದ ಕೇಳಿದ್ದು:
ನಮ್ಮ ಮಾವ ಕುಂಬಳೆಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಅಟ್ಟದ ಟ್ರಂಕಿನಲ್ಲಿ ಆರುನೂರರಷ್ಟು ನೆಗೆಟಿವ್ ಸಿಕ್ಕಿವೆ. ಮದುವೆ, ಯಕ್ಷಗಾನ, ಶಾಲೆಯ ಗ್ರೂಪ್ ಫೋಟೋ. ಜಾಸ್ತಿ ಕಪ್ಪು ಬಿಳುಪಿನ 120 (ಅಗಲ ಫಿಲ್ಮ್), ಉಳಿದದ್ದು 35 ಎಂ.ಎಂ. ಕಲರ್. ಕಂಪ್ಯೂಟರಿಗೆ ಹಾಕಿಕೊಳ್ಳಲು ಒಬ್ಬರು ಗಾಜಿನ ಮೇಲಿಟ್ಟು ಓದುವ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು ಎನ್ನುತ್ತಾರೆ, ಇನ್ನೊಬ್ಬರು ಪ್ರೆಸ್ಸಿನವರ ಡ್ರಮ್ ಸ್ಕ್ಯಾನೇ ಮಾಡಿಸಿ ಎನ್ನುತ್ತಾರೆ. ಮಾಡಿ ನೋಡಿದವರು ಹೇಳಿ.

ಮಂಜೇಶ್ವರದಿಂದ:
ನಾನು ಎಪ್ಸನ್ ವಿ850 ಫ್ಲಾಟ್‌ಬೆಡ್ಡಿನಲ್ಲಿ ಮನೆಯ ಫಿಲ್ಮ್‌ಗಳನ್ನೆಲ್ಲ ಮಾಡಿದ್ದೇನೆ. ಆಫೀಸಿನ ಸಾದಾ ಸ್ಕ್ಯಾನರ್ ಆಗುವುದಿಲ್ಲ, ಮುಚ್ಚಳದಲ್ಲೂ ಬೆಳಕು ಬೇಕು. ಡಬ್ಬಿಯ ಮೇಲೆ 6400 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ) ಎಂದಿರುತ್ತದೆ, ನಂಬಬೇಡಿ. ನಿಜವಾಗಿ ಸಿಗುವ ವಿವರ 2400ರ ಆಸುಪಾಸು. ಅದಕ್ಕಿಂತ ಮೇಲೆ ಹಾಕಿದರೆ ಫೈಲ್ ಊದಿಕೊಳ್ಳುತ್ತದೆ, ಅಷ್ಟೇ.

ಆದರೆ ನಿಮ್ಮದು 120 ಅಲ್ವಾ? 6x6 ಸೆಂ.ಮೀ.ನ ಒಂದು ಫ್ರೇಮಿಗೆ 2400ರಲ್ಲೇ ಸುಮಾರು 28 ಮೆಗಾಪಿಕ್ಸೆಲ್ ಬರುತ್ತದೆ. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟಿಗೆ ಧಾರಾಳ. 35 ಎಂ.ಎಂ.ಗೆ 8 ಮೆಗಾಪಿಕ್ಸೆಲ್ ಒಳಗೇ ನಿಲ್ಲುತ್ತದೆ. ಆಲ್ಬಮ್ಮಿಗೆ ಸಾಕು, ದೊಡ್ಡದು ಮಾಡಿದರೆ ಮೆತ್ತಗಾಗುತ್ತದೆ.

ನಾನು ಕೆಡಿಸಿದ್ದನ್ನೂ ಹೇಳುತ್ತೇನೆ. ಧೂಳು ತೆಗೆಯುವ ಡಿಜಿಟಲ್ ಐಸ್ ಅನ್ನು ಕಪ್ಪು ಬಿಳುಪಿಗೂ ಆನ್ ಮಾಡಿ ಇಟ್ಟಿದ್ದೆ. ಅದು ಇನ್‌ಫ್ರಾರೆಡ್ ಬೆಳಕಿನಲ್ಲಿ ಧೂಳು ಹುಡುಕುತ್ತದೆ. ಕಲರ್ ಫಿಲ್ಮಿನ ಬಣ್ಣ ಆ ಬೆಳಕನ್ನು ಬಿಡುತ್ತದೆ, ಕಪ್ಪು ಬಿಳುಪು ಫಿಲ್ಮಿನ ಬೆಳ್ಳಿ ಬಿಡುವುದಿಲ್ಲ. ಹಾಗಾಗಿ ಚಿತ್ರವನ್ನೇ ಧೂಳೆಂದು ತಿಳಿದು ಅಜ್ಜಿಯ ಮುಖ ಒರೆಸಿ ಹಾಕಿತು. ಎರಡು ಭಾನುವಾರದ ಕೆಲಸ ನೀರಲ್ಲಿ ಹೋಯಿತು. ಸುರುಳಿಯಾದ ಫಿಲ್ಮನ್ನು ಕವರಿನಲ್ಲಿ ಹಾಕಿ ದಪ್ಪ ಪುಸ್ತಕದ ಅಡಿ ವಾರ ಇಡಿ. ಗಾಜಿಗೆ ತಾಗಿದರೆ ಕಾಮನಬಿಲ್ಲಿನ ಹಾಗೆ ಬಳೆ ಬಳೆ ಬರುತ್ತದೆ.

ಪೆರ್ಲದಿಂದ:
ಸ್ಕ್ಯಾನರ್ ಆಮೇಲೆ. ನಮ್ಮ ಮಳೆಗಾಲದಲ್ಲಿ ಟ್ರಂಕಿನೊಳಗೆ ಬೂಷ್ಟು ಬಂದಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬೂಷ್ಟು ತಿಂದ ಕಡೆ ಚಿತ್ರವೇ ಎದ್ದು ಬರುತ್ತದೆ. ಮೊದಲು ತೇವ ಹೀರುವ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಹಾಕಿ. ವಿನೆಗರ್ ವಾಸನೆ ಬಂದರೆ ಫಿಲ್ಮೇ ಹಾಳಾಗುತ್ತಿದೆ ಎಂದರ್ಥ, ಅಂಥದ್ದನ್ನು ಬೇರೆ ಇಡಿ, ಅದನ್ನೇ ಮೊದಲು ಸ್ಕ್ಯಾನ್ ಮಾಡಿ.

ಉಪ್ಪಳದಿಂದ:
ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಡ್ರಮ್ ಓಡಿಸಿದವನು ನಾನು. ಫಿಲ್ಮನ್ನು ಎಣ್ಣೆಯಂಥ ದ್ರವ ಹಾಕಿ ಅಕ್ರಿಲಿಕ್ ಸಿಲಿಂಡರಿಗೆ ಸುತ್ತುತ್ತೇವೆ. ಅದು ಗಿರಗಿರ ತಿರುಗುತ್ತದೆ, ಬೆಳಕು ಅಳೆಯುವ ಫೋಟೋಮಲ್ಟಿಪ್ಲೈಯರ್ ಟ್ಯೂಬ್ ಒಂದೊಂದೇ ಚುಕ್ಕಿ ಓದುತ್ತದೆ. ಸಣ್ಣ ಗೀರೆಲ್ಲ ದ್ರವದಲ್ಲಿ ಮುಚ್ಚಿ ಹೋಗುತ್ತವೆ. ನೇರ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮಿನ ಕಡುಕತ್ತಲೆಯಲ್ಲಿ ಅದು ತೆಗೆಯುವ ವಿವರ ಫ್ಲಾಟ್‌ಬೆಡ್ಡಿಗೆ ಬರುವುದಿಲ್ಲ ಮಾರಾಯ್ರೇ. ಆದರೆ ನೆಗೆಟಿವ್ ಅಷ್ಟು ಕಪ್ಪಾಗಿರುವುದಿಲ್ಲ, ಅಲ್ಲಿ ಡ್ರಮ್ಮಿನ ಲಾಭ ಕಮ್ಮಿ. ಆರುನೂರನ್ನೂ ಸುತ್ತುವುದು ಹುಚ್ಚು. ಹತ್ತು ಒಳ್ಳೆಯದು ಆರಿಸಿ ಕೊಡಿ. ಸೆಟೆದು ಗಟ್ಟಿಯಾದ ಫಿಲ್ಮನ್ನಂತೂ ಕೊಡಲೇಬೇಡಿ, ಬಗ್ಗಿಸುವಾಗ ಪಟ್ ಅಂತ ಒಡೆಯುತ್ತದೆ.

ಬದಿಯಡ್ಕದಿಂದ ಮತ್ತೆ:
ಹಾಗಾದರೆ ಫ್ಲಾಟ್‌ಬೆಡ್ಡೇ ನೋಡುತ್ತೇನೆ. ಟ್ರಂಕಿನ ತಳದಲ್ಲಿ ನಾಲ್ಕು ಗಾಜಿನ ನೆಗೆಟಿವ್ ಇದ್ದವು, ಹೇಳಲು ಮರೆತೆ. ಅವನ್ನಾದರೂ ಡ್ರಮ್ಮಿಗೆ ಕೊಡಲಾ?

ಉಪ್ಪಳದಿಂದ:
ಗಾಜನ್ನು ಸಿಲಿಂಡರಿಗೆ ಸುತ್ತುವುದು ಹೇಗೆ ಅಣ್ಣ?