ಅಪ್‌ಡೇಟ್: ಸಣ್ಣ ಕಂಪ್ಯೂಟರಿಗೆ ಸದ್ದಿಲ್ಲದ ಗ್ರಾಫಿಕ್ಸ್ ಕಾರ್ಡ್

ಮಲಗುವ ಕೋಣೆಯಲ್ಲಿರುವ, 240 ವ್ಯಾಟ್ ಪವರ್ ಸಪ್ಲೈಯ ತೆಳುವಾದ ಕಂಪ್ಯೂಟರಿಗೆ ಸದ್ದು ಮಾಡದ, ಹೆಚ್ಚು ಬಿಸಿಯಾಗದ ಕಾರ್ಡ್ ಯಾವುದೆಂದು ಹಿಂದೆ ಕೇಳಿದ್ದೆ. ಸಲಹೆ ನೀಡಿದ ಎಲ್ಲರಿಗೂ ಧನ್ಯವಾದಗಳು.

ಫ್ಯಾನ್ ಇಲ್ಲದ ಜಿಟಿ 1030 ಬರೀ 30 ವ್ಯಾಟ್ ಬಳಸುತ್ತದೆ, ಆದರೆ ನನ್ನ ವಿಡಿಯೊ ಕೆಲಸಕ್ಕೆ ಅದರ ಶಕ್ತಿ ಸಾಲದು. 53 ವ್ಯಾಟಿನ ಆರ್‌ಎಕ್ಸ್ 6400 ಆಕರ್ಷಕವಾಗಿ ಕಂಡರೂ ಅದರಲ್ಲಿ ವಿಡಿಯೊ ಎನ್‌ಕೋಡರ್ (ವಿಡಿಯೊವನ್ನು ಕುಗ್ಗಿಸಿ ಉಳಿಸುವ ಭಾಗ) ಇಲ್ಲ. ಮೇಲಾಗಿ ಅದು ನಾಲ್ಕೇ ಪಿಸಿಐಇ ಲೇನ್‌ಗಳನ್ನು (ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾಹಿತಿ ಸಾಗುವ ದಾರಿಗಳನ್ನು) ಬಳಸುವುದರಿಂದ ನನ್ನದರಂತಹ ಹಳೆಯ, ಮೂರನೇ ತಲೆಮಾರಿನ ಸ್ಲಾಟಿನಲ್ಲಿ ಹಿಂದೆ ಬೀಳುತ್ತದೆ. ಕೊನೆಗೆ 6 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3050ರ ಲೋ ಪ್ರೊಫೈಲ್ (ಗಿಡ್ಡ) ಮಾದರಿಯನ್ನು ಕೊಂಡೆ. ಅದಕ್ಕೆ ಬೇಕಾದ 70 ವ್ಯಾಟ್ ಸ್ಲಾಟಿನಿಂದಲೇ ದೊರೆಯುತ್ತದೆ. ಪ್ರತ್ಯೇಕ ಕೇಬಲ್ ಬೇಕಿಲ್ಲ. ಇದೇ ಹೆಸರಿನ 8 ಜಿಬಿಯದು ಬೇರೆಯೇ ಕಾರ್ಡ್, ಹೆಸರು ನೋಡಿ ಮೋಸಹೋಗಬಾರದು.

ಕಾರ್ಡನ್ನು ಕಂಪ್ಯೂಟರಿಗೆ ಬಿಗಿಯುವ ಉದ್ದನೆಯ ಬ್ರಾಕೆಟ್ ಬಿಚ್ಚಿ ಪೆಟ್ಟಿಗೆಯಲ್ಲಿದ್ದ ಗಿಡ್ಡ ಬ್ರಾಕೆಟ್ ಕೂರಿಸಿದ್ದಾಯಿತು. ಆದರೆ ಮೊದಲ ರಾತ್ರಿ ನಿರಾಸೆಯಾಯಿತು: ಎರಡು ಪುಟ್ಟ ಫ್ಯಾನುಗಳು ವೇಗವಾಗಿ ತಿರುಗುವಾಗ ಸೊಳ್ಳೆಯಂತೆ ಗುಂಯ್‌ಗುಟ್ಟುತ್ತಿದ್ದವು, ಉಷ್ಣತೆ 76 ಡಿಗ್ರಿ ಮುಟ್ಟಿತ್ತು. ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ವೋಲ್ಟೇಜನ್ನು ಸ್ವಲ್ಪ ಇಳಿಸಿ, ಫ್ಯಾನ್ ವೇಗ ನಿಧಾನವಾಗಿ ಏರುವಂತೆ ಹೊಂದಿಸಿದ ಮೇಲೆ ಉಷ್ಣತೆ 67ರ ಆಸುಪಾಸಿಗೆ ಇಳಿಯಿತು. ಕಾರ್ಡಿನ ಕೆಲಸದ ವೇಗದಲ್ಲಾದ ಕಡಿತ ನನ್ನ ಗಮನಕ್ಕೆ ಬಂದಿಲ್ಲ. ಆಮೇಲೂ ಉಳಿದಿದ್ದ ಟಿಕ್‌ಟಿಕ್ ಸದ್ದು ಕಾರ್ಡಿನದ್ದಲ್ಲ, ಫ್ಯಾನಿಗೆ ತಾಗುತ್ತಿದ್ದ ಯುಎಸ್‌ಬಿ ವೈರಿನದ್ದು. ಅದನ್ನು ಪಕ್ಕಕ್ಕೆ ಸರಿಸಿ ಕಟ್ಟಿದ್ದೇನೆ. ಈಗ ರಾತ್ರಿ ಕೇಳಿಸುವುದು ಗೋಡೆ ಗಡಿಯಾರ ಮಾತ್ರ.