ಪುಣೆಯಲ್ಲೇ ತಯಾರಾಗುವ ಮಲೇರಿಯಾ ಲಸಿಕೆ ನಮ್ಮ ಮಗುವಿಗೆ ಯಾಕಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಾವು ಮಂಗಳೂರಿನವರು. ಮಗುವಿಗೆ 7 ತಿಂಗಳು. ಪಕ್ಕದಲ್ಲೇ ಕಟ್ಟಡದ ಕೆಲಸ ನಡೆಯುತ್ತಿದೆ, ಸೊಳ್ಳೆ ವಿಪರೀತ. ಮಲೇರಿಯಾ ಲಸಿಕೆ ಪುಣೆಯಲ್ಲೇ ತಯಾರಾಗುತ್ತೆ ಅಂತ ಓದಿದೆ. ದುಡ್ಡು ಕೊಟ್ಟಾದರೂ ಹಾಕಿಸಬಹುದಾ?

ಉತ್ತರ (ಮಕ್ಕಳ ವೈದ್ಯೆ): ನೀವು ಓದಿದ್ದು ನಿಜ. ಆರ್21 ಲಸಿಕೆಯನ್ನು ಆಕ್ಸ್‌ಫರ್ಡ್ ವಿಜ್ಞಾನಿಗಳು ರೂಪಿಸಿದರು, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಅದನ್ನು ಶಿಫಾರಸು ಮಾಡಿತು. ಆದರೆ ಅದು ಫಾಲ್ಸಿಪ್ಯಾರಮ್ ಎಂಬ ಬಗೆಯ ಮಲೇರಿಯಾಕ್ಕೆ ಮಾಡಿದ್ದು. ಆಫ್ರಿಕಾದಲ್ಲಿ ಪುಟ್ಟ ಮಕ್ಕಳ ಜೀವ ತೆಗೆಯುವುದು ಮುಖ್ಯವಾಗಿ ಅದೇ. ಮಂಗಳೂರಿನಲ್ಲಿ ಜಾಸ್ತಿ ಕಾಣುವುದು ವೈವ್ಯಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ. ಅದನ್ನು ಈ ಲಸಿಕೆ ತಡೆಯುವುದಿಲ್ಲ. ನಮ್ಮ ರಾಷ್ಟ್ರೀಯ ಲಸಿಕೆ ಪಟ್ಟಿಯಲ್ಲೂ ಇದು ಇಲ್ಲ.

ವೈವ್ಯಾಕ್ಸ್ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಜ್ವರ ತರಬಹುದು. ಅದನ್ನು ಅಲ್ಲಿಂದ ತೊಲಗಿಸುವ ಪ್ರೈಮಾಕ್ವಿನ್ ಮಾತ್ರೆಯನ್ನು ನಮ್ಮಲ್ಲಿ ಹಸುಗೂಸುಗಳಿಗೆ ಕೊಡುವುದಿಲ್ಲ. ಹಾಗಾಗಿ ಸೊಳ್ಳೆ ಕಚ್ಚದಂತೆ ನೋಡಿಕೊಳ್ಳುವುದೇ ಈ ವಯಸ್ಸಿನಲ್ಲಿ ದೊಡ್ಡ ರಕ್ಷಣೆ. ಮಗು ಮಲಗಿದಾಗೆಲ್ಲ ಸೊಳ್ಳೆ ಪರದೆ ಕಟ್ಟಿ. ಬಾವಿ, ಟ್ಯಾಂಕ್ ಮುಚ್ಚಿಡಿ. ಮಲೇರಿಯಾ ಹರಡುವ ಸೊಳ್ಳೆ ಕೊಳಚೆಗಿಂತ ಶುದ್ಧ ನೀರಲ್ಲೇ ಚೆನ್ನಾಗಿ ಮರಿ ಮಾಡುತ್ತದೆ. ಕಟ್ಟಡದಲ್ಲಿ ನೀರು ನಿಂತಿದ್ದರೆ ಪಾಲಿಕೆಗೆ ದೂರು ಕೊಡಲು ಸಂಕೋಚ ಬೇಡ.

ಪ್ರಶ್ನೆ: ಮೇಡಂ, ನಾವು ಘಾನಾದಲ್ಲಿದ್ದೇವೆ, ಮಗುವಿಗೆ 4 ತಿಂಗಳು. ಲಸಿಕೆ ಹಾಕಿಸಿದ ಮೇಲೆ ಪರದೆ ಬೇಡ ಅಲ್ವಾ?

ಉತ್ತರ: ದಯವಿಟ್ಟು ಪರದೆ ಬಿಡಬೇಡಿ. ಲಸಿಕೆ 5 ತಿಂಗಳಿಗಿಂತ ಮುಂಚೆ ಇಲ್ಲ, ಒಟ್ಟು 4 ಡೋಸ್. ಅಲ್ಲಿನ ಕ್ಲಿನಿಕ್‌ನಲ್ಲಿ ಈಗಲೇ ವಿಚಾರಿಸಿ, ಕೊನೆಯ ಡೋಸ್ ತಪ್ಪಿಸಬೇಡಿ. ಕಾಲ ಕಳೆದಂತೆ ಲಸಿಕೆಯ ಬಲ ಕುಗ್ಗುತ್ತದೆ.

ನನಗೆ ಬಹಳ ಭರವಸೆ ಕೊಟ್ಟ ಅಧ್ಯಯನ ಬುರ್ಕಿನಾ ಫಾಸೊ ಮತ್ತು ಮಾಲಿಯದು, 2021ರಲ್ಲಿ ಪ್ರಕಟವಾಯಿತು. ಸುಮಾರು 6000 ಮಕ್ಕಳು. ಕೆಲವರಿಗೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಲೇರಿಯಾ ಬರದಂತೆ ತಡೆಯುವ ಮಾತ್ರೆ, ಕೆಲವರಿಗೆ ಆರ್21ಕ್ಕಿಂತ ಹಳೆಯ ಮಲೇರಿಯಾ ಲಸಿಕೆ ಆರ್‌ಟಿಎಸ್,ಎಸ್, ಉಳಿದವರಿಗೆ ಎರಡೂ. ಪರದೆ ಮಾತ್ರ ಎಲ್ಲರಿಗೂ ಕೊಟ್ಟಿದ್ದರು! ಬರೀ ಮಾತ್ರೆ ಪಡೆದವರಿಗಿಂತ ಎರಡೂ ಪಡೆದವರಲ್ಲಿ ಮಲೇರಿಯಾ ಸುಮಾರು 63% ಕಡಿಮೆಯಾಯಿತು, ಮಲೇರಿಯಾದಿಂದ ಆದ ಸಾವು ಸುಮಾರು 73% ತಗ್ಗಿತು. ಒಂದೇ ಉಪಾಯವನ್ನು ನಂಬಿ ಕೂರಬಾರದು ಅಂತ ನಾನು ಹೇಳುವುದು ಇದಕ್ಕೇ.

ಪ್ರಶ್ನೆ: ಜ್ವರವೇ ಇಲ್ಲದ ಮಗುವಿಗೆ ಮಾತ್ರೆ ಕೊಡೋದು ಸರೀನಾ? ಹಾಗಾದ್ರೆ ನಾವೂ ಕೊಡಬಹುದಲ್ವಾ?

ಉತ್ತರ: ರೋಗ ತೀವ್ರವಾಗಿರುವ ಕಡೆ ಖಂಡಿತ ಸರಿ. ತಾಂಜಾನಿಯಾದ ಇಫಕಾರದಲ್ಲಿ ಮಾಮೂಲಿ ಲಸಿಕೆಗೆ ಬಂದ ದಿನವೇ ಕೂಸುಗಳಿಗೆ ಮಲೇರಿಯಾ ಔಷಧಿ ಕೊಟ್ಟು ನೋಡಿದರು. ಮೊದಲ ವರ್ಷದ ಮಲೇರಿಯಾ 59% ತಗ್ಗಿತು. ತಾಯಂದಿರು ಹೇಗೂ ಬರುತ್ತಾರೆ, ಬೇರೆ ಓಡಾಟ ಬೇಕಿಲ್ಲ. ಎಷ್ಟು ಒಳ್ಳೆಯ ಯೋಚನೆ!

ಆದರೆ ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಮಂಗಳೂರಿನಲ್ಲಿ ಮನೆಯಲ್ಲೇ ಸುಮ್ನೆ ಮಾತ್ರೆ ಕೊಡಬೇಡಿ. ಮಗುವಿಗೆ ಜ್ವರ ಬಂದರೆ ಅದೇ ದಿನ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ. ಹಾಲು ಕುಡಿಯದಿದ್ದರೆ, ಮಂಕಾದರೆ, ಫಿಟ್ಸ್ ಬಂದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.