ಕಲಬುರಗಿಯಲ್ಲಿ ರಾತ್ರಿ ನಾಯಿಗೆ ಕಾಯಿಲೆ ಜೋರಾದರೆ ಎಲ್ಲಿಗೆ ಹೋಗ್ತೀರಿ? ಅನುಭವ ಇದ್ದವರು ಹೇಳಿ

ಹೊಸಬ, ಜೇವರ್ಗಿ ರೋಡ್
ಮೈಸೂರಿನಿಂದ ವರ್ಗವಾಗಿ ಬಂದಿದ್ದೇವೆ. ಮನೆಯಲ್ಲಿ ಒಂಬತ್ತು ವರ್ಷದ ಪೊಮೇರಿಯನ್ ಇದೆ, ಹೃದಯದ ಮಾತ್ರೆ ನಡೀತಾ ಇದೆ. ರಾತ್ರಿ ಉಸಿರು ಕಟ್ಟಿದರೆ ಇಲ್ಲೇ ಯಾರಾದ್ರೂ ನೋಡ್ತಾರಾ? ಇಲ್ಲ ಸೊಲ್ಲಾಪುರ, ಹೈದರಾಬಾದ್ ಅಂತ ಹೊರಡಬೇಕಾ? ಕೈಯಲ್ಲಿ ಎಷ್ಟು ದುಡ್ಡು ಇರಬೇಕು?

ಶಹಾಬಜಾರ್
ಎಲ್ಲಿಗೂ ಓಡಬೇಡಿ ಸರ್. ನಮ್ಮ ಲ್ಯಾಬ್ರಡಾರ್ ಮರಿಗೆ ಪಾರ್ವೊ ಅನ್ನೋ ವೈರಸ್ ಕಾಯಿಲೆ ಬಂದಿತ್ತು, ಲಸಿಕೆಯ ಎರಡನೇ ಡೋಸ್ ಇನ್ನೂ ಬಿದ್ದಿರಲಿಲ್ಲ. ಸಂಜೆ ವಾಂತಿ, ರಾತ್ರಿ ರಕ್ತಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಂದರೆ ಮರೆಯೋದಿಲ್ಲ. ನಮ್ಮ ಡಾಕ್ಟರ್ ಮದುವೆಗೆ ಹೋಗಿದ್ದರು, ಫೋನಿನಲ್ಲೇ ಎಲ್ಲ ಹೇಳಿದರು. ಪಕ್ಕದ ಮನೆಯ ನರ್ಸ್ ಅಕ್ಕ ಮುಂಗಾಲಿಗೆ ಸೂಜಿ ಹಾಕಿದರು. ಲೆಕ್ಕ ಬರೆದಿಟ್ಟಿದ್ದೇನೆ ನೋಡಿ. ಡ್ರಿಪ್ಪಿನ ಆರ್‌ಎಲ್ ಬಾಟಲಿಗೆ 85, ಅದರ ಕೊಳವೆ ಐವಿ ಸೆಟ್ 60, ನರಕ್ಕೆ ಹಾಕುವ ಕ್ಯಾನುಲಾ 70. ಅದನ್ನು ಮರಿ ಕಚ್ಚಿ ಕಿತ್ತು ಹಾಕಿತು, ಮತ್ತೆ 70. ವಾಂತಿಯ ಇಂಜೆಕ್ಷನ್ 25, ಆಂಟಿಬಯಾಟಿಕ್ ದಿನಕ್ಕೆ 140, ಪಾರ್ವೊ ಪರೀಕ್ಷೆಯ ಕಿಟ್ 650. ಬಾಟಲಿ ತೂಗು ಹಾಕಿದ್ದು ಬಟ್ಟೆ ಒಣಗಿಸುವ ಹಗ್ಗಕ್ಕೆ. ಎಲ್ಲ ಸೇರಿ 4,200 ದಾಟಲಿಲ್ಲ. ಈಗ 34 ಕೆಜಿ ಇದೆ, ಗೇಟ್ ಹಾರುತ್ತೆ. ಅದೇ ವಾರ ನಮ್ಮ ಓಣಿಯವರು ಹೈದರಾಬಾದಿಗೆ ಹೋಗಿ ನಲವತ್ತು ಸಾವಿರ ಕೊಟ್ಟು ಬಂದರು. ಮರಿ ಉಳಿಯಲಿಲ್ಲ.

ಹುಮನಾಬಾದ್ ಬೆಕ್ಕಿನಮ್ಮ
ಮೇಲಿನವರೇ, ನರ್ಸ್ ಅಕ್ಕನಿಗೆ ನಾಯಿಯ ನರ ಸಿಕ್ಕಿದ್ದು ನಿಮ್ಮ ಅದೃಷ್ಟ. ಅದನ್ನೇ ಊರಿಗೆಲ್ಲ ಬುದ್ಧಿ ಅಂತ ಹೇಳಬೇಡಿ.

ನಮ್ಮ ಗಂಡು ಬೆಕ್ಕಿಗೆ ಮೂತ್ರ ಕಟ್ಟಿತ್ತು. ಮರಳಿನ ಡಬ್ಬದಲ್ಲಿ ಕೂತು ತಿಣುಕುತ್ತಿತ್ತು. ಮಲ ಕಟ್ಟಿದೆ, ಹರಳೆಣ್ಣೆ ಕೊಡು ಅಂದರು ನಮ್ಮ ಅತ್ತೆ. ನಾನು ಕೊಡಲಿಲ್ಲ. ಹೊಟ್ಟೆ ಮುಟ್ಟಿದರೆ ಒಳಗೆ ದೊಡ್ಡ ನಿಂಬೆಹಣ್ಣಿನ ಹಾಗೆ ಗಟ್ಟಿ. ಗಂಡು ಬೆಕ್ಕಿಗೆ ಮೂತ್ರ ನಿಂತರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತೆ, ಒಂದೆರಡು ದಿನದಲ್ಲಿ ಹೃದಯವೇ ನಿಲ್ಲುತ್ತೆ. ಇದು ಬೆಳಿಗ್ಗೆ ನೋಡೋಣ ಅನ್ನುವ ಕಾಯಿಲೆ ಅಲ್ಲ. ಆದ್ರೆ ನಮಗೆ ಗೊತ್ತಿದ್ದ ಡಾಕ್ಟರ್ "ಬೆಳಿಗ್ಗೆ ತನ್ನಿ" ಅಂದು ಫೋನಿಟ್ಟರು. ಬಾಡಿಗೆ ಕಾರು 5,500, ಡ್ರೈವರ್ ರಾತ್ರಿ ಭತ್ಯೆ 400, ಟೋಲ್ ಬೇರೆ. ಜಹೀರಾಬಾದ್ ದಾಟುವಾಗ ಬೆಕ್ಕು ಕೂಗುವುದನ್ನೂ ಬಿಟ್ಟಿತು. ಹೈದರಾಬಾದಿನಲ್ಲಿ ರಕ್ತ ಪರೀಕ್ಷೆ 1,800, ಅರಿವಳಿಕೆ ಕೊಟ್ಟು ಮೂತ್ರದ ಕೊಳವೆ (ಕ್ಯಾಥೆಟರ್) ಹಾಕಿದ್ದಕ್ಕೆ 4,500, ಅಡ್ಮಿಟ್ ದಿನಕ್ಕೆ 2,500. ಈಗ ತಿಂಗಳು ತಿಂಗಳು ಬೇರೆ ಆಹಾರ, ಒಂದೂವರೆ ಕೆಜಿ ಚೀಲಕ್ಕೆ 1,900. ಬೀದಿಯಿಂದ ಬಂದ ಬೆಕ್ಕು ಅದು. ಇರಲಿ, ನನ್ನ ದುಡ್ಡು.

ಭಾಲ್ಕಿ
ಅಕ್ಕಾ, ಹುಮನಾಬಾದಿನಿಂದ ಬೀದರ್ ಹತ್ರ ಅಲ್ವಾ? ಪಶು ವಿಶ್ವವಿದ್ಯಾಲಯವೇ ಅಲ್ಲಿನ ನಂದಿನಗರದಲ್ಲಿದೆ. ಅದನ್ನು ಬಿಟ್ಟು ಹೈದರಾಬಾದಿಗೆ ಯಾಕೆ?

ಹುಮನಾಬಾದ್ ಬೆಕ್ಕಿನಮ್ಮ
ಬೆಕ್ಕು ಸಾಯುವ ಹೊತ್ತಲ್ಲಿ ನಕ್ಷೆ ಬಿಡಿಸಿಕೊಂಡು ಕೂರಬೇಕಿತ್ತಾ? ಗೊತ್ತಿದ್ದ ಜಾಗಕ್ಕೆ ಹೋದೆ, ಬೆಕ್ಕು ಉಳಿಯಿತು. ಮುಗೀತು.

ಶಹಾಪುರ ರೈತ
ಬೆಕ್ಕಿಗೆ ಇಪ್ಪತ್ತು ಸಾವಿರ! ನಮ್ಮದೂ ಕೇಳಿ. ಎರಡು ಎಮ್ಮೆ ಹಗ್ಗ ಬಿಚ್ಚಿಕೊಂಡು ಹೋಗಿ ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆ ಜೋಳ ಮೇಯ್ದವು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ ಸಯನೈಡ್ ವಿಷ ಇರುತ್ತೆ. ಅರ್ಧ ಗಂಟೆ ಆಗಿರಲಿಕ್ಕಿಲ್ಲ, ನಡುಕ, ಬಾಯಿ ತೆರೆದು ಉಸಿರಾಟ, ಅಲ್ಲೇ ಬಿದ್ದವು. ಡಾಕ್ಟರ್ ಬೈಕಿನಲ್ಲಿ ಬಂದು ಆ ವಿಷ ಇಳಿಸುವ ಔಷಧಿ ಥಯೋಸಲ್ಫೇಟ್ ನರಕ್ಕೆ ಕೊಟ್ಟರು. ಒಂದು ಎದ್ದು ನಿಂತಿತು. ಇನ್ನೊಂದು ಅವರು ಬರುವ ಮೊದಲೇ ಹೋಗಿತ್ತು. 95,000 ಕೊಟ್ಟು ತಂದ ಎಮ್ಮೆ, ಎರಡನೇ ಸೂಲಿನದು. ವಿಮೆ ಇತ್ತು. ಕಿವಿಗೆ ಹಾಕಿದ್ದ ವಿಮೆಯ ಗುರುತಿನ ಓಲೆ ಇಲ್ಲ ಅಂದರು! ಮುಳ್ಳುಕಂಟಿಯಲ್ಲಿ ಸಿಕ್ಕು ಬಿದ್ದು ಹೋಗಿತ್ತು ಅಂತ ಫೋಟೋ, ಪಂಚನಾಮೆ ಎಲ್ಲ ಕೊಟ್ಟೆ. ಪೈಸಾ ಬರಲಿಲ್ಲ. ಆಗ 1962 ನಂಬರಿಗೆ ಫೋನ್ ಮಾಡಿದರೆ ಬರುವ ಪಶು ಆಂಬುಲೆನ್ಸ್ ಗಾಡಿಯೂ ಇರಲಿಲ್ಲ. ನಿಮ್ಮ ಪಗ್ಗು, ಪೊಮೇರಿಯನ್ ಹಾಲು ಕೊಡ್ತಾವಾ?

ಪಗ್ ಅಪ್ಪ, ಸೇಡಂ ರಸ್ತೆ
ಹಾಲು ಕೊಡದಿದ್ದರೆ ಸಾಯಬೇಕಾ ಅಣ್ಣಾ? ಪಗ್ ಅಂದ್ರಲ್ಲ, ನನ್ನದೇ ಹೇಳ್ತೀನಿ. ಮೇ ತಿಂಗಳು, 43 ಡಿಗ್ರಿ, ಕರೆಂಟ್ ಹೋಗಿತ್ತು. ಮೂಗು ಚಪ್ಪಟೆ ಇರುವ ನಾಯಿ ಬಿಸಿಲು ತಡೆಯೋದಿಲ್ಲ. ನಾಲಿಗೆ ನೀಲಿ, ಕಣ್ಣು ಮೇಲೆ. ನೀರು ಸುರಿಯಿರಿ ಅಂತ ಎಲ್ಲರೂ ಹೇಳ್ತಾರೆ. ನಮ್ಮೂರಲ್ಲಿ ಮೇ ತಿಂಗಳ ಟ್ಯಾಂಕಿನ ನೀರಿನಲ್ಲಿ ಅಕ್ಕಿ ಬೇಯಿಸಬಹುದು! ಅಂಗಡಿಯಿಂದ ಕ್ಯಾನ್ ನೀರು ತಂದು ಸುರಿದೆ, 30 ರೂಪಾಯಿಗೊಂದು. ಹೊಟ್ಟೆಗೆ ಐಸ್ ಇಟ್ಟೆ. ಕಾರಿನ ಏಸಿ ಹಾಕಿಕೊಂಡು ಇಲ್ಲೇ ಒಬ್ಬ ಡಾಕ್ಟರರ ಮನೆ ಬಾಗಿಲು ಬಡಿದೆ. ನೋಡಿದ್ದಕ್ಕೆ 1,500, ಡ್ರಿಪ್ಪಿಗೆ 900. ಬದುಕಿದೆ, ಆದ್ರೆ ಕಿಡ್ನಿ ಮೊದಲಿನ ಹಾಗಿಲ್ಲ. ಇನ್ವರ್ಟರ್‌ಗೆ 24,000 ಹೋಯಿತು, ಅದನ್ನೂ ನಾಯಿಯ ಲೆಕ್ಕಕ್ಕೇ ಬರೆದಿದ್ದೇನೆ.

ಭಾಲ್ಕಿ
ಐಸ್ ಇಡಬಾರದು ರೀ. ಚರ್ಮದ ರಕ್ತನಾಳ ಕುಗ್ಗುತ್ತೆ, ಬಿಸಿ ಒಳಗೇ ಉಳಿಯಬಹುದು ಅಂತಾರೆ.

ಪಗ್ ಅಪ್ಪ, ಸೇಡಂ ರಸ್ತೆ
ನಿಮ್ಮ ನಾಯಿ ಎಂದಾದ್ರೂ ನೀಲಿ ಆಗಿತ್ತಾ? ಇಲ್ಲ ತಾನೇ? ಸುಮ್ನೆ ಇರಿ.

ಬೆಂಗಳೂರಲ್ಲಿರೋ ಆಳಂದದವ
ಇಲ್ಲಿ 24 ಗಂಟೆಯ ಆಸ್ಪತ್ರೆಗಳಿವೆ, ಆಕ್ಸಿಜನ್ ಪೆಟ್ಟಿಗೆ ಕೂಡ ಇದೆ. ಕನ್ಸಲ್ಟೇಷನ್ನಿಗೇ ಸಾವಿರ ಕೇಳ್ತಾರೆ ಅಷ್ಟೇ.

ಶಹಾಪುರ ರೈತ
ಅಲ್ಲೇ ಇರ್ರಿ ಹಾಗಾದ್ರೆ. 2019ರಲ್ಲಿ ನಮಗೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟರು. ರಾತ್ರಿ ಡಾಕ್ಟರನ್ನು ಇಡಲಿಲ್ಲ.

ಹೊಸಬ, ಜೇವರ್ಗಿ ರೋಡ್
ಎಲ್ಲರಿಗೂ ಧನ್ಯವಾದ. ಹೃದಯದ ತೊಂದರೆ ಇರುವ ನಾಯಿ ಯಾರ ಮನೆಯಲ್ಲಾದ್ರೂ ಇತ್ತಾ?

ಬೀದರ್ ವೆಟ್ ವಿದ್ಯಾರ್ಥಿ
ಸರ್, ನಾಯಿ ಗಾಢ ನಿದ್ದೆಯಲ್ಲಿದ್ದಾಗ ಎದೆ ಏರಿಳಿಯುವುದನ್ನು ಎಣಿಸಿ. ನಿಮಿಷಕ್ಕೆ 30 ದಾಟಿ ಹಾಗೇ ಮುಂದುವರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಏದುಸಿರು ಬರುವವರೆಗೆ ಕಾಯಬೇಡಿ. ರಾತ್ರಿ ಹೆಚ್ಚುವರಿ ನೀರಿಳಿಸುವ ಮಾತ್ರೆ ಎಷ್ಟು ಕೊಡಬಹುದು ಅಂತ ಮೈಸೂರಿನ ಡಾಕ್ಟರರಿಂದ ಈಗಲೇ ಬರೆಸಿಕೊಳ್ಳಿ. ಬೀದರ್ ನಿಮಗೆ ನೂರು ಕಿಲೋಮೀಟರಿಗಿಂತ ಜಾಸ್ತಿ ದೂರ. ಉಸಿರು ಕಟ್ಟಿದ ನಾಯಿಯನ್ನು ಅಷ್ಟು ದೂರ ಒಯ್ಯುವುದು ಕಷ್ಟ. ಮನುಷ್ಯರಿಗೆ ಕೊಡುವ ಆಕ್ಸಿಜನ್ ಸಿಲಿಂಡರ್ ಬಾಡಿಗೆಗೆ ಸಿಗುತ್ತಾ ವಿಚಾರಿಸಿ. ಮತ್ತೆ, ಪಾರ್ವೊ ಮರಿಗೆ ಮನೆಯಲ್ಲೇ ಡ್ರಿಪ್ ಹಾಕೋದನ್ನು ಯಾರೂ ಅನುಸರಿಸಬೇಡಿ ದಯವಿಟ್ಟು.

ಶಹಾಬಜಾರ್
ಓದು ಮುಗಿಸಪ್ಪಾ ಮೊದಲು. ನನ್ನ ನಾಯಿ ಗೇಟ್ ಹಾರುತ್ತೆ ಅಂದೆನಲ್ಲ. ಹೊಸಬರೇ, ನಮ್ಮ ಡಾಕ್ಟರ್ ನಂಬರ್ ಬೇಕಾದರೆ ಮೆಸೇಜಿನಲ್ಲಿ ಕೊಡ್ತೀನಿ.

ಹುಮನಾಬಾದ್ ಬೆಕ್ಕಿನಮ್ಮ
ಯಾರು, ಮದುವೆಗೆ ಹೋದವರಾ?

ಶಹಾಬಜಾರ್
ವಾಪಸ್ ಬಂದಿದ್ದಾರೆ ಅಕ್ಕಾ. ನಿಮ್ಮ ಬಾಡಿಗೆ ಕಾರಿನವನ ನಂಬರೂ ಕೊಡಿ, ಎರಡೂ ಇರಲಿ ಅವರ ಹತ್ರ.